ಐದೂವರೆ ಔನ್ಸಿನ ಬಫರ್

ಮಾರ್ಚ್ 14, ಗುರುವಾರ, ಬೆಳಿಗ್ಗೆ 8.10. ವಯೋಮಿಂಗ್‌ನ ನಮ್ಮ ಕೌಂಟಿಯ ಶೆರಿಫ್ ಠಾಣೆಗೆ ಕುರಿ ಸಾಕುವ ಮಹಿಳೆ ವರ್ಲಾ ಎಚೆವೆರಿ ಬಂದು, ತಮ್ಮ ರೈಫಲನ್ನು ದೂರು ಬರೆಯುವ ಮೇಜಿನ ಮೇಲೆ ಇಟ್ಟರು. ಬೇರೆ ಊರಾಗಿದ್ದರೆ ಅಲ್ಲಿದ್ದವರೆಲ್ಲ ಮೇಜಿನಡಿ ಸೇರುತ್ತಿದ್ದರೋ ಏನೋ. ಇಲ್ಲಿ ಡೆಪ್ಯುಟಿ ಟೆಸ್ ತನ್ನ ಕಾಫಿ ಲೋಟ ಪಕ್ಕಕ್ಕೆ ಸರಿಸಿದಳು, ಅಷ್ಟೇ.

"ಯಾರೋ ನನ್ನ ರೈಫಲ್ ಕೆಡಿಸಿದ್ದಾರೆ. ಬರ್ಕೊಳ್ಳಮ್ಮ."

ತನಿಖಾಧಿಕಾರಿ ಲೈಲ್ ಬ್ರೆಕನ್ ಹೇಳಿಕೆ ಪಡೆದರು. ಬೆಳಿಗ್ಗೆ 6.20ಕ್ಕೆ ಮೂರು ಕಯೋಟಿ ತೋಳಗಳು ಕುರಿದೊಡ್ಡಿಗೆ ನುಗ್ಗಿದ್ದವು. ವರ್ಲಾ ಹಾರಿಸಿದ ಮೊದಲ ಗುಂಡು ಒಂದಕ್ಕೆ ತಗುಲಿತ್ತು. ಮತ್ತೆ ಟ್ರಿಗರ್ ಎಳೆದರೆ ಬರೀ ಟಿಕ್ ಎಂಬ ಸದ್ದು. ಎಪ್ಪತ್ತೊಂದರ ವಯಸ್ಸು, ಅಕ್ಟೋಬರ್‌ನಲ್ಲಿ ಶಸ್ತ್ರಚಿಕಿತ್ಸೆಯಾದ ಬಲಭುಜ. ರೈಫಲಿನ ಬೋಲ್ಟನ್ನು ಕೈಯಿಂದ ಹಿಂದಕ್ಕೆಳೆದು ಇನ್ನೊಂದು ಗುಂಡು ತುಂಬುವಷ್ಟರಲ್ಲಿ ಎಳೆಯ ಮರಿಗಳು ನಾಲ್ಕು ಸತ್ತಿದ್ದವು.

"ರೈಫಲ್ ಎಲ್ಲಿಟ್ಟಿರ್ತೀರಿ?"

"ಅಡುಗೆಮನೆ ಬಾಗಿಲ ಹಿಂದೆ."

"ಬೀಗ?"

"ಬೀಗಾನಾ? ನಿಮ್ಮನೆಗೆ ಹಾಕ್ತೀರೇನಪ್ಪಾ?"

ಲೈಲ್ ಮಾತು ಬದಲಿಸಿದರು.

9.40ಕ್ಕೆ ಬಂದೂಕು ರಿಪೇರಿ ಮಾಡುವ ಓರಿನ್‌ನ ಅಂಗಡಿಯಲ್ಲಿ, ವರ್ಲಾ ಅವರ ಎದುರಿನಲ್ಲೇ ಪಂಚನಾಮೆ ನಡೆಯಿತು. ಓರಿನ್ ರೈಫಲಿನ ಹಿಂಬದಿ ಬಿಚ್ಚಿ ಒಂದು ಸ್ಪ್ರಿಂಗನ್ನೂ ಬೆರಳುದ್ದದ ಲೋಹದ ತುಂಡನ್ನೂ ಹೊರತೆಗೆದ. ತುಂಡನ್ನು ತಕ್ಕಡಿಗೆ ಹಾಕಿದ.

"ಇದು ಬಫರು. ಇದ್ದಿದ್ದು ಮೂರು ಔನ್ಸಿಂದು. ಈಗಿರೋದು ಐದೂವರೆ."

"ಅದರಿಂದ ಏನಾಗತ್ತೆ?"

"ಗುಂಡು ಹಾರಿದ ಒತ್ತಡಕ್ಕೆ ಬೋಲ್ಟು ಹಿಂದಕ್ಕೆ ಬಂದು ಇದನ್ನ ತಳ್ಳತ್ತೆ. ಸ್ಪ್ರಿಂಗು ವಾಪಸ್ ನೂಕಿದಾಗ ಹೊಸ ಗುಂಡು ಒಳಗೆ ಹೋಗತ್ತೆ. ಬಫರ್ ಭಾರ ಇದ್ರೆ ಬೋಲ್ಟು ನಿಧಾನ, ಭುಜಕ್ಕೆ ಒದೆತ ಕಮ್ಮಿ. ಜೋರಾದ ಗುಂಡಿಗೆ ಸರಿಹೋಗತ್ತೆ. ಈಯಮ್ಮ ಹಾಕೋ ಅಗ್ಗದ ಗುಂಡಲ್ಲಿ ಅಷ್ಟು ದಮ್ಮೆಲ್ಲಿದೆ? ಬೋಲ್ಟು ಅರ್ಧ ಬಂದು ಮುಂದಕ್ಕೆ ಹೋಗ್ಬಿಡತ್ತೆ. ಹೊಸ ಗುಂಡು ಹತ್ತೋದೇ ಇಲ್ಲ."

"ಇದನ್ನ ಯಾರಿಗೆ ಮಾರಿದ್ದೆ?"

ಓರಿನ್ ವರ್ಲಾರ ಮುಖ ನೋಡಿದ. "ಡೋಯಲ್‌ಗೆ. ಹೋದ ವಾರ, ಮಂಗಳವಾರ. ಯಾರಿಗೋ ಉಡುಗೊರೆ ಅಂದ."

ಡೋಯಲ್ ಪ್ರೂಯಿಟ್ ವರ್ಲಾ ಅವರ ಕುರಿದೊಡ್ಡಿಯ ಆಳು. ದರೋಡೆ ಪ್ರಕರಣದಲ್ಲಿ ಒಂಬತ್ತು ವರ್ಷ ಜೈಲಿನಲ್ಲಿದ್ದವನು. ಅಂಥವನು ಬಂದೂಕು ಕೈಯಲ್ಲಿ ಹಿಡಿದರೆ ಸಾಕು, ಮತ್ತೆ ಜೈಲು. ಇದು ಕೌಂಟಿಯಲ್ಲಿ ಎಲ್ಲರಿಗೂ ಗೊತ್ತು.

ವರ್ಲಾರ ಮುಖ ಸುಣ್ಣದಂತೆ ಬಿಳಿಚಿತು. "ಅಯ್ಯೋ, ನನ್ನ ಮರೆವಿಗಿಷ್ಟು! ಅವನು ತಂದುಕೊಟ್ಟ, ನಾನೇ ಹಾಕ್ಕೊಂಡೆ. ದೂರು ಹರಿದು ಹಾಕಿ," ಎಂದರು.

ಲೈಲ್‌ಗೂ ಅದನ್ನೇ ಬರೆದುಕೊಳ್ಳುವ ಆಸೆ. ಆದರೂ ಒಮ್ಮೆ ಡೋಯಲ್‌ನನ್ನು ಕೇಳಲೇಬೇಕಿತ್ತು.

11.05. ಲೈಲ್, ಟೆಸ್, ವರ್ಲಾ ಕುರಿದೊಡ್ಡಿಗೆ ಬಂದಾಗ ಡೋಯಲ್ ತಾಯಿಯಿಲ್ಲದ ಮರಿಯೊಂದಕ್ಕೆ ಸೀಸೆಯಲ್ಲಿ ಹಾಲು ಕುಡಿಸುತ್ತಿದ್ದ.

"ಬಫರ್ ವರ್ಲಾನೇ ಹಾಕ್ಕೊಂಡ್ರಂತೆ. ಹೌದಾ?" ಲೈಲ್ ಕೇಳಿದರು.

"ಹೌದು ಅನ್ನೋ, ದಡ್ಡಾ!" ವರ್ಲಾ ಹಿಂದಿನಿಂದ ಕೂಗಿದರು.

"ಇಲ್ಲ ಸಾರ್. ಹಾಕಿದ್ದು ನಾನು. ಅಮ್ಮ ಭಾನುವಾರ ಚರ್ಚಿಗೆ ಹೋದಾಗ."

"ಹಾಕಿದ ಮೇಲೆ ಒಂದ್ಸಲ ಹಾರಿಸಿ ನೋಡೋಕಾಗ್ಲಿಲ್ವಾ?"

"ಮುಟ್ಟಿದ್ದೇ ತಪ್ಪು. ಹಾರಿಸೋದು ಹೇಗೆ ಸಾರ್?" ಅವನ ದನಿ ಒಡೆಯಿತು. "ಅದರಿಂದ ಹೀಗಾಯ್ತಾ? ನಾಲ್ಕೂ ಮರಿನ ಈಗ ತಾನೇ ಹೂತು ಬಂದೆ."

ಟೆಸ್ ಬರೆಯುವುದನ್ನು ನಿಲ್ಲಿಸಿದಳು.

"ಯಾಕೆ ಮಾಡಿದೆ?"

"ಒಂದೊಂದು ಗುಂಡಿನ ಒದೆತಕ್ಕೂ ಅಮ್ಮ ತುಟಿ ಕಚ್ಚಿಕೊಂಡು ಅಳ್ತಿದ್ರು. ಬೇರೆ ಎಲ್ಲ ಕೆಲಸ ನಾನು ಮಾಡಿಕೊಡಬಲ್ಲೆ, ಇದೊಂದು ಬಿಟ್ಟು. ಜೈಲಿಂದ ಬಂದಾಗ ಊರಲ್ಲಿ ಎಲ್ಲರೂ ಏನು ಮಾಡಿದ್ದೆ ಅಂತ ಕೇಳಿದ್ರು. ಇವರೊಬ್ಬರೇ ಊಟ ಆಯ್ತಾ ಅಂತ ಕೇಳಿದ್ದು."

"ಮತ್ತೆ ನಾನು ಹೇಳಿದ್ದಕ್ಕೆ ಹೂಂ ಅನ್ನೋಕೆ ಏನಾಗಿತ್ತೋ ನಿನಗೆ?" ವರ್ಲಾ ಅಳುತ್ತಲೇ ಗದರಿದರು.

"ನನಗೋಸ್ಕರ ನೀವು ಪೊಲೀಸರ ಮುಂದೆ ಸುಳ್ಳು ಹೇಳೋದು ಬೇಡಮ್ಮಾ."

11.20ಕ್ಕೆ ಡೋಯಲ್ ಪ್ರೂಯಿಟ್‌ನನ್ನು ಬಂಧಿಸಲಾಯಿತು. ಆರೋಪಿಯ ಉದ್ದೇಶ ಎಂಬ ಕಡೆ ಲೈಲ್ ಅವನ ಮಾತನ್ನು ಒಂದಕ್ಷರ ಬಿಡದೆ ಬರೆದರು. ನ್ಯಾಯಾಧೀಶರು ಅದನ್ನು ಪೂರ್ತಿ ಓದಲಿ ಎಂದು ಕೆಳಗೆ ಗೆರೆಯನ್ನೂ ಎಳೆದರು.

ವ್ಯಾನಿನ ಬಾಗಿಲ ಬಳಿ ವರ್ಲಾ ಅವನ ಬೇಡಿ ಹಾಕಿದ ಕೈಗಳನ್ನು ಹಿಡಿದುಕೊಂಡರು.

"ಕೇಳಿಲ್ಲಿ. ಇವತ್ತು ಬೆಳಿಗ್ಗೆ ಹಾರಿಸಿದ ಆ ಒಂದು ಗುಂಡು ಇದ್ಯಲ್ಲ, ನೋಯಲೇ ಇಲ್ಲ ಕಣೋ. ಅಕ್ಟೋಬರಿಂದ ಮೊದಲನೇ ಸಲ. ನಿನ್ನ ಹೊಟ್ಟೆ ತಣ್ಣಗಿರಲಿ."

"ನಿಜವಾಗ್ಲೂನಾ ಅಮ್ಮಾ?" ಎಂದ ಡೋಯಲ್, ಮತ್ತೆ ಜೈಲಿಗೆ ಹೊರಟವನು, ಮುಖವೆಲ್ಲ ಅರಳಿ ನಕ್ಕುಬಿಟ್ಟ.