ಒಂಬತ್ತು ಶುಕ್ರವಾರದ ಸಹಿ

"ಅಕ್ಕ, ಇದು ನಿನಗೆ. ತಲುಪಿದೆ ಅಂತ ಒಂದು ಸಹಿ ಬೇಕು."

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದ ದೊಡ್ಡಕ್ಕನ ತಟ್ಟೆಯ ಪಕ್ಕದಲ್ಲಿ ತಮ್ಮ ಒಂದು ಲಕೋಟೆ ಇಟ್ಟ. ಇಟ್ಟವನು ಕೂರಲಿಲ್ಲ, ನಿಂತೇ ಇದ್ದ. ಅವಳು ಎಡಗೈಯಿಂದ ಕಾಗದ ಬಿಡಿಸಿದಳು. ಗುತ್ತಿಗೆ ಕೆಲಸಗಾರರ ಬಾಕಿಯ ತಕರಾರು ಬಗೆಹರಿಸುವ ಕಚೇರಿಗೆ ಬರೆದ ದೂರು ಅದು. ಎರಡೂವರೆ ತಿಂಗಳ ದುಡಿಮೆಗೆ ಏಜೆನ್ಸಿಯಿಂದ ಬಿಡಿಗಾಸೂ ಬಂದಿಲ್ಲ, ಕೇಳಿದರೆ 'ಇವತ್ತು, ನಾಳೆ' ಎನ್ನುತ್ತಾರೆ... ಕೆಳಗೆ ಆರು ಜನ ನಕ್ಷೆಗಾರರ ಹೆಸರು. ಮೊದಲನೆಯದೇ ಅವನದು!

"ನೀನೇನಾ ಪುಟ್ಟ?"

"ನಾನೇ ಅಕ್ಕ. ಇನ್ನೇನು ಮಾಡ್ಲಿ? 'ನಿಮ್ಮಕ್ಕನ ಏಜೆನ್ಸಿ ತಾನೇ, ನಿಂಗೆ ಒಳಗಿಂದೊಳಗೆ ಸಿಗ್ತಿರಬೇಕು ಬಿಡು' ಅಂತ ಐದು ಜನಾನೂ ಚುಚ್ತಾರೆ. ಅವರ ಮುಖ ಹೇಗೆ ನೋಡ್ಲಿ ನಾನು?"

ಮೂವತ್ತೆಂಟು ದಾಟಿದ, ನೆತ್ತಿ ಬೋಳಾಗುತ್ತಿದ್ದ ಆ ಗಂಡಸನ್ನು ಪುಟ್ಟ ಎಂದು ಕರೆಯುವವಳು ಅವಳೊಬ್ಬಳೇ. ಉಳಿದಂತೆ ಅವಳು ಊರಿಗೆಲ್ಲ ದೊಡ್ಡಕ್ಕ. ಬಾಡಿಗೆಯ ಎರಡು ಕೋಣೆಗಳಲ್ಲಿ ಏಜೆನ್ಸಿ ನಡೆಸುತ್ತಿದ್ದಳು. ಕಾರ್ಖಾನೆಗಳಿಗೆ ನಕ್ಷೆ ಬರೆಯುವವರನ್ನು ಗಂಟೆಯ ಲೆಕ್ಕದಲ್ಲಿ ಕಳಿಸುವುದು, ಕಾರ್ಖಾನೆ ಕೊಟ್ಟ ಹಣದಲ್ಲಿ ತನ್ನ ಪಾಲು ಮುರಿದುಕೊಂಡು ಅವರಿಗೆ ತಲುಪಿಸುವುದು. ಹದಿನಾಲ್ಕು ವರ್ಷದಲ್ಲಿ ಒಬ್ಬನೂ ಅವಳ ಕಡೆ ಬೆರಳು ತೋರಿಸಿರಲಿಲ್ಲ. ಈಗ ತೋರಿಸಿದವನು ಮಹಡಿಯ ಮೇಲಿನ ಮನೆಯಲ್ಲಿರುವ ಸ್ವಂತ ತಮ್ಮ!

"ಅವರನ್ನೇನು ಕೇಳ್ತೀರಿ ಅತ್ತಿಗೆ, ನನ್ನ ಕೇಳಿ!" ತಮ್ಮನ ಹೆಂಡತಿ ದಡದಡನೆ ಮೆಟ್ಟಿಲಿಳಿದು ಬಂದಳು. "ಮಗು ಕಿವಿಗೆ ಹಾಕೋ ಯಂತ್ರದ ಕಂತು ಎರಡು ತಿಂಗಳಿಂದ ಕಟ್ಟಿಲ್ಲ. ಮಾತು ಕಲಿಸೋ ಟೀಚರು ಫೀಸಿಲ್ಲದೆ ಬರಬೇಡಿ ಅಂದಿದಾರೆ. ನೀವು ನೋಡಿದ್ರೆ ಹೊಸ ಫ್ಯಾನ್ ಹಾಕಿಸ್ಕೊಂಡು ಗಾಳಿ ತಗೋತಿದೀರಿ!"

ಹಳೆಯ ಫ್ಯಾನಿನ ರೆಕ್ಕೆ ಮುರಿದು ತಲೆಯ ಮೇಲೆ ಬೀಳುವುದರಲ್ಲಿತ್ತು, ಅದನ್ನು ಯಾರಿಗೆ ಹೇಳುವುದು? ದೊಡ್ಡಕ್ಕ ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಏಟು ಬಿತ್ತು.

"ಒಡಹುಟ್ಟಿದೋನ ಹೊಟ್ಟೆ ಮೇಲೆ ಹೊಡೆದು ಯಾರಿಗೆ ಗಂಟು ಕಟ್ತಿದೀರಿ? ನಿಮಗೇನು ಗಂಡನೇ, ಮಕ್ಕಳೇ?"

ಅಯ್ಯೋ, ಆ ಮಾತು ಆಡಬಾರದಿತ್ತು! ಆಡಿದವಳಿಗೂ ಅದು ಗೊತ್ತಾಯಿತು, ತುಟಿ ಕಚ್ಚಿಕೊಂಡಳು. ದೊಡ್ಡಕ್ಕ ತಮ್ಮನ ಕಡೆ ನೋಡಿದಳು. 'ಸುಮ್ನಿರೇ' ಎಂಬ ಒಂದು ಮಾತು ಅವನ ಬಾಯಿಂದ ಬಂದಿದ್ದರೂ ಸಾಕಿತ್ತು. ಅವನು ನೆಲ ನೋಡುತ್ತಿದ್ದ. ಅವಳು ಎಂಜಲು ಕೈ ತೊಳೆದು ಬಂದು, ತಲುಪಿದೆ ಎಂದು ಸಹಿ ಹಾಕಿ ಕಾಗದ ಹಿಂದಿರುಗಿಸಿದಳು. ಇಬ್ಬರೂ ಮೇಲೆ ಹೋದರು. ತಟ್ಟೆಯಲ್ಲಿದ್ದದ್ದು ಹಾಗೇ ಉಳಿಯಿತು.

ನಿಜ ಏನೆಂದು ಅವಳು ಹೇಳಬಹುದಿತ್ತಲ್ಲ ಎನ್ನುತ್ತೀರಾ? ಕೇಳಿ. ಈ ಆರು ಜನ ದುಡಿಯುತ್ತಿದ್ದ ಕಾರ್ಖಾನೆಯ ಮೇಲ್ವಿಚಾರಕ ಶುಕ್ರವಾರ ಸಂಜೆ ನಾಲ್ಕಕ್ಕೆ ಬಂದು ಆ ವಾರದ ಗಂಟೆಗಳ ಹಾಳೆಗೆ ಸಹಿ ಮಾಡಬೇಕು. ಸಹಿ ಇಲ್ಲದ ಹಾಳೆಗೆ ಹಣವಿಲ್ಲ. ತಮ್ಮ ಶುಕ್ರವಾರ ಎರಡಕ್ಕೇ ಹೊರಡುತ್ತಿದ್ದ, ಮಗಳನ್ನು ಮಾತಿನ ಪಾಠಕ್ಕೆ ಕರೆದೊಯ್ಯಬೇಕಿತ್ತು. ಉಳಿದ ದಿನ ಬೇಗ ಬಂದು ಆ ಹೊತ್ತನ್ನು ತುಂಬಿಕೊಡುತ್ತಿದ್ದ. ಹಾಳೆಯನ್ನು ಅಕ್ಕನ ಮೇಜಿನ ಮೇಲಿಟ್ಟು, 'ಅವರ ಸಹಿ ಹಾಕಿಸ್ಬಿಡು' ಎಂದು ಹೋಗುವನು. ಅವಳು ಎರಡು ಬಸ್ಸು ಬದಲಾಯಿಸಿ ಹೋಗಿ, ಗೇಟಿನ ಹತ್ತಿರ ಕಾದು, ಸಹಿ ಹಾಕಿಸಿಕೊಂಡು ಬರುವಳು. ಒಂದು ಶುಕ್ರವಾರ ಮೈಯೆಲ್ಲ ಜ್ವರ. ಮೇಲ್ವಿಚಾರಕನದು ಗೀಚಿದಂಥ ಪುಟ್ಟ ಸಹಿ... ತಾನೇ ಹಾಕಿಬಿಟ್ಟಳು! ಗಂಟೆಗಳೆಲ್ಲ ಸಾಚಾ, ಒಂದು ನಿಮಿಷ ಹೆಚ್ಚಿಲ್ಲ, ಸಹಿ ಮಾತ್ರ ಸುಳ್ಳು. ಮುಂದಿನ ವಾರವೂ ಹಾಕಿದಳು. ಹೀಗೆ ಒಂಬತ್ತು ಶುಕ್ರವಾರ. ಒಂಬತ್ತನೆಯ ಶುಕ್ರವಾರ ಮೇಲ್ವಿಚಾರಕ ರಜೆಯಲ್ಲಿದ್ದ.

ಊರಿನಲ್ಲೇ ಇಲ್ಲದವನ ಸಹಿ ಹಾಳೆಯ ಮೇಲೆ! ಕಾರ್ಖಾನೆಯ ಕಂಪನಿ ಆರೂ ಜನರ ಬಿಲ್ಲು ತಡೆಹಿಡಿಯಿತು. ಸಹಿ ಹಾಕಿದವರು ಯಾರೆಂದು ಬರೆದು ಕೊಡುವವರೆಗೆ ಯಾರಿಗೂ ಹಣವಿಲ್ಲವೆಂದಿತು. ಹೇಗಾದರೂ ಬೇಡಿಕೊಂಡು ಬಿಡಿಸಿಕೊಂಡರಾಯಿತು, ಪುಟ್ಟನ ಕಿವಿಗೆ ಬೀಳುವುದು ಬೇಡವೆಂದು ಅವಳು ಕಂಪನಿಯ ಮೆಟ್ಟಿಲು ಹತ್ತಿ ಇಳಿದದ್ದೇ ಬಂತು. ಕೈಯಲ್ಲಿದ್ದದ್ದನ್ನು ಆರು ಜನಕ್ಕೆ ಹಂಚಿದರೆ ಒಂದು ವಾರಕ್ಕೂ ಸಾಲದು.

ಸೋಮವಾರ ಆಫೀಸಿನ ಹಳೆಯ ಲೆಕ್ಕಿಗ ದೂರು ಓದಿ ಕನ್ನಡಕ ತೆಗೆದ.

"ದೊಡ್ಡಕ್ಕ, ಒಂದು ಸಾಲು ಬರೆದ್ರೆ ಮುಗೀತು. 'ಹಾಳೆ ತಂದುಕೊಟ್ಟೋನು ಕೆಲಸಗಾರ, ಸಹಿ ವಿಷಯ ನಮಗೆ ಗೊತ್ತಿಲ್ಲ.' ಐದು ಜನಕ್ಕೆ ದುಡ್ಡು ಬರುತ್ತೆ. ಏಜೆನ್ಸೀನೂ ಉಳಿಯುತ್ತೆ."

"ಪುಟ್ಟನ ಗತಿ?"

"ಯಾವ ಕಾರ್ಖಾನೇನೂ ಅವನನ್ನ ಒಳಗೆ ಬಿಟ್ಕೊಳಲ್ಲ. ಆದ್ರೆ ನಿಮ್ಮ ಮೇಲೇ ದೂರು ಕೊಟ್ಟೋನಲ್ವಾ? ನೀವ್ಯಾಕೆ ಬೀದಿಗೆ ಬೀಳ್ತೀರಿ?"

ಅವಳು ದೇವತೆಯೇನಲ್ಲ. ಆ ಸಾಲನ್ನು ಬರೆದಳು! ಬರೆದು ಎರಡು ದಿನ ಕೈಚೀಲದಲ್ಲಿಟ್ಟುಕೊಂಡು ತಿರುಗಿದಳು. 'ನಿಮಗೇನು ಗಂಡನೇ, ಮಕ್ಕಳೇ' ಎಂಬ ಮಾತು ನೆನಪಾದಾಗಲೆಲ್ಲ ಕೊಟ್ಟೇಬಿಡೋಣವೆನಿಸುತ್ತಿತ್ತು. ಈ ಎರಡು ಕೋಣೆಯೂ ಹೋದರೆ ಬೆಳಿಗ್ಗೆ ಎದ್ದು ಅವಳು ಹೋಗುವುದಾದರೂ ಎಲ್ಲಿಗೆ? ಬುಧವಾರ ಮೇಲಿನ ಮನೆಯಿಂದ ಮಗು ಒಂದೇ ಪದವನ್ನು ತಪ್ಪುತಪ್ಪಾಗಿ ಹೇಳುವುದೂ, ತಮ್ಮ ಬೇಸರವಿಲ್ಲದೆ ತಿದ್ದುವುದೂ ಕೇಳಿಸಿತು. ಟೀಚರಿಲ್ಲದ್ದಕ್ಕೆ ತಾನೇ ಕಲಿಸುತ್ತಿದ್ದ. ದೊಡ್ಡಕ್ಕ ಕೈಚೀಲ ತೆರೆದಳು. ಕಾಗದವನ್ನು ಹರಿದು ಒಲೆಗೆ ಹಾಕಿದಳು.

ಗುರುವಾರ ಹನ್ನೊಂದಕ್ಕೆ ತಕರಾರಿನ ಕಚೇರಿಯಲ್ಲಿ ವಿಚಾರಣೆ. ಉದ್ದ ಮೇಜಿನ ಒಂದು ಪಕ್ಕ ಆರು ನಕ್ಷೆಗಾರರು ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಕೊನೆಯಲ್ಲಿ ಕಂಪನಿಯ ವಕೀಲ. ಇನ್ನೊಂದು ಪಕ್ಕದ ಕುರ್ಚಿಗಳೆಲ್ಲ ಖಾಲಿ, ನಡುವೆ ದೊಡ್ಡಕ್ಕ ಒಬ್ಬಳೇ. ಮಧ್ಯಸ್ಥಗಾರ್ತಿ ಹಾಳೆಗಳನ್ನು ಅವಳ ಮುಂದಿಟ್ಟಳು.

"ಈ ಸಹಿ ಯಾರದು?"

"ನಂದು ಮೇಡಂ. ಒಂಬತ್ತು ಶುಕ್ರವಾರದ್ದೂ ನಂದೇ. ನನ್ನ ತಮ್ಮನಿಗೆ ಇದ್ಯಾವುದೂ ಗೊತ್ತಿಲ್ಲ. ಅವನು ದುಡಿದಿರೋ ಗಂಟೆಯೆಲ್ಲ ನಿಜ, ಗೇಟಿನ ಪುಸ್ತಕ ತರಿಸಿ ನೋಡಿ."

ತಮ್ಮ ತಟ್ಟನೆ ತಲೆಯೆತ್ತಿದ.

"ಯಾಕಮ್ಮ ಹಾಕಿದ್ರಿ? ಇಷ್ಟು ವರ್ಷ ಏಜೆನ್ಸಿ ನಡೆಸಿದೋರು ನೀವು!"

"ಅಭ್ಯಾಸ ಆಗ್ಬಿಟ್ಟಿತ್ತು ಮೇಡಂ..." ದೊಡ್ಡಕ್ಕ ಹಾಳೆಗಳನ್ನು ಪಕ್ಕಕ್ಕೆ ಸರಿಸಿದಳು. "ಅಪ್ಪ ಅಮ್ಮ ಹೋದಾಗ ನಂಗೆ ಹದಿನೇಳು, ಇವನಿಗೆ ಆರು. ಇವನ ಮಾರ್ಕ್ಸ್ ಕಾರ್ಡಿಗೆ ಪೋಷಕರ ಸಹಿ ನಂದು. ಹೊಟ್ಟೆ ಆಪರೇಷನ್ನಿಗೂ ನಂದೇ. ಮದುವೆ ರಿಜಿಸ್ಟರಿಗೆ ಸಾಕ್ಷೀನೂ ನಾನೇ. ಇವನಿಗೆ ಒಂದು ಸಹಿ ಬೇಕು ಅಂದ್ರೆ ಕೈ ತಾನಾಗೇ ಹೋಗುತ್ತೆ..."

ನಕ್ಷೆಗಾರರಲ್ಲಿ ಒಬ್ಬ ಕಿಸಕ್ಕೆಂದು ನಕ್ಕು, ಪಕ್ಕದವನ ಮುಖ ನೋಡಿ ಸುಮ್ಮನಾದ. ಅರ್ಧ ಗಂಟೆಯಲ್ಲಿ ಎಲ್ಲ ತೀರ್ಮಾನವಾಯಿತು. ಹತ್ತು ದಿನದೊಳಗೆ ಕಂಪನಿ ಆರೂ ಜನರಿಗೆ ನೇರವಾಗಿ ಹಣ ಕೊಡಬೇಕು, ಯಾರ ಕೆಲಸಕ್ಕೂ ಕುತ್ತಿಲ್ಲ. ಏಜೆನ್ಸಿಯ ಪರವಾನಗಿ ರದ್ದು.

ಹೊರಗಿನ ಉದ್ದ ಹಾದಿಯಲ್ಲಿ ತಮ್ಮ ಅವಳನ್ನು ತಡೆದ. ಅಕ್ಕಾ ಎಂದು ತಬ್ಬಿಕೊಳ್ಳುತ್ತಾನೆಂದು ಅವಳು ಅಂದುಕೊಂಡಿದ್ದಳು, ಪಾಪ!

"ಯಾಕೆ ಹೇಳ್ಲಿಲ್ಲ ನಂಗೆ?"

"ನೀನು ನೊಂದ್ಕೋತೀಯ ಅಂತ ಕಣೋ..."

"ಒಂದು ಮಾತು ಹೇಳಿದ್ರೆ ಪಾಠದ ಹೊತ್ತು ಬದಲಾಯಿಸ್ಕೋತಿದ್ದೆ ಅಕ್ಕ! ನಾಲ್ಕು ಗಂಟೆವರೆಗೂ ಕಾಯ್ತಿದ್ದೆ! ನಾನೇನು ಹಾಲುಗಲ್ಲದ ಮಗುವಾ? ಇವತ್ತು ಅಷ್ಟು ಜನರ ಮುಂದೆ ಮಾರ್ಕ್ಸ್ ಕಾರ್ಡ್ ಹಿಡ್ಕೊಂಡು ನಿಂತ ಹಾಗಾಯ್ತು ನಂಗೆ." ಅವನ ಕಣ್ಣಿಂದ ನೀರು ದಳದಳ ಸುರಿಯಿತು. "ನಿನ್ನ ಮೇಲೆ ದೂರು ಬರೆದ ಪಾಪಿ ನಾನು. ನಿನ್ನ ಬೈಯೋಕೂ ಆಗ್ತಿಲ್ಲ, ಕ್ಷಮಿಸು ಅನ್ನೋಕೂ ಬಾಯಿ ಬರ್ತಿಲ್ಲ... ಒಂದು ಮಾತು ಕೊಡು. ಇನ್ಮೇಲೆ ನನಗೋಸ್ಕರ ಏನೂ ಮಾಡ್ಬೇಡ. ಏನೂ!"

ದೊಡ್ಡಕ್ಕ ಕೈಚೀಲವನ್ನು ಹೆಗಲಿಗೇರಿಸಿಕೊಂಡಳು.

"ಆಯ್ತು ಪುಟ್ಟ," ಎಂದಳು.

ತಿಂಗಳ ಮೇಲೆ ತಮ್ಮನ ಮನೆಯವರು ಟೀಚರ ಮನೆಗೆ ಹತ್ತಿರವಾಗುವ ಕಡೆ ಬಾಡಿಗೆಗೆ ಹೋದರು. ಹೊರಡುವ ಬೆಳಿಗ್ಗೆ ತಮ್ಮನ ಹೆಂಡತಿ ಬಂದು, "ಅವತ್ತು ನಾಲಿಗೆ ಜಾರಿತು ಅತ್ತಿಗೆ," ಎಂದು ಅವಳ ಕೈಹಿಡಿದು ಬಿಕ್ಕಿದಳು. "ಬಿಡಮ್ಮ, ಮಗೂನ ನೋಡ್ಕೋ," ಎಂದಳು ದೊಡ್ಡಕ್ಕ.

ಸಾಮಾನೆಲ್ಲ ತಮ್ಮನೊಬ್ಬನೇ ಇಳಿಸುತ್ತಿದ್ದ. ಪುಸ್ತಕ ತುಂಬಿದ ದೊಡ್ಡ ಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಸಿಕ್ಕಿಕೊಂಡಿತು. ಅವನ ತೋಳು ನಡುಗುವುದು ಕೆಳಗೆ ನಿಂತವಳಿಗೆ ಕಾಣುತ್ತಿತ್ತು. ಅವಳ ಕೈಗಳು ಮೇಲೆದ್ದವು... ಮರುಕ್ಷಣವೇ ಅವುಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಅವನು ಅದನ್ನು ನೋಡಿದ. ಪೆಟ್ಟಿಗೆಯನ್ನು ಮೆಟ್ಟಿಲ ಮೇಲೆ ಇಳಿಸಿ ಉಸಿರು ತೆಗೆದುಕೊಂಡು ಮತ್ತೆ ಎತ್ತಿದ.

"ಬರ್ತೀನಿ ಅಕ್ಕ."

"ಹೋಗಿ ಬಾ."

ಗಾಡಿಯ ಕಿಟಕಿಯಿಂದ ಮಗು, "ಅತ್ತೆ, ಬಾ!" ಎಂದಿತು. ಎಷ್ಟು ಸ್ಪಷ್ಟವಾಗಿತ್ತು! ಗಾಡಿ ತಿರುವು ದಾಟಿದ ಮೇಲೂ ದೊಡ್ಡಕ್ಕ ಕೈಗಳನ್ನು ಹಿಂದೆ ಕಟ್ಟಿಕೊಂಡೇ ನಿಂತಿದ್ದಳು. ಗಂಟೆ ಇನ್ನೂ ಹತ್ತು. ಇಡೀ ದಿನ ಮುಂದಿತ್ತು, ಯಾರಿಗೂ ಅವಳಿಂದ ಏನೂ ಬೇಕಾಗಿರಲಿಲ್ಲ.