ಕೌದಿ ಹೊದ್ದ ಸ್ಕೂಟರ್

ನನ್ನ ಸೀಟಿನ ಕೆಳಗೆ ಏನೋ ಬೇಯುತ್ತಿತ್ತು.

ಹಿಂದೆ ಒಂದು ಮೋಟರ್‌ಸೈಕಲ್. ಮುಂದೆ ಹಳಿಯಾಳ, ಇನ್ನೂ ಹತ್ತು ಕಿಲೋಮೀಟರ್. ನೆತ್ತಿಯ ಮೇಲೆ ಏಪ್ರಿಲ್ ತಿಂಗಳ ಎರಡು ಗಂಟೆಯ ಬಿಸಿಲು.

ಆಕ್ಸಿಲರೇಟರ್ ಪೂರ್ತಿ ತಿರುವಿದೆ. ಮೀಟರಿನ ಮುಳ್ಳು ಇಪ್ಪತ್ತೈದಕ್ಕೆ ಬಂದು ನಿಂತಿತು. ಅದರ ಮುಂದೆ ಹೋಗಲು ಆ ಕರೆಂಟಿನ ಸ್ಕೂಟರಿಗೆ ಮನಸ್ಸೂ ಇಲ್ಲ, ಶಕ್ತಿಯೂ ಇಲ್ಲ. ಅದಕ್ಕೇ ಸರಕಾರ ಅದಕ್ಕೆ ಲೈಸೆನ್ಸ್ ಕೇಳುವುದಿಲ್ಲ!

ನಗಬೇಡಿ. ಇಪ್ಪತ್ತೈದರ ಸ್ಪೀಡಿನಲ್ಲಿ ತಪ್ಪಿಸಿಕೊಳ್ಳುವುದು ಎಷ್ಟು ಕಷ್ಟ ಅಂತ ತಪ್ಪಿಸಿಕೊಂಡವನಿಗೇ ಗೊತ್ತು. ಹಾಲಿನ ಕ್ಯಾನು ಕಟ್ಟಿಕೊಂಡ ಒಬ್ಬ ಸೈಕಲ್ಲಿನವನು ನನ್ನನ್ನು ಓವರ್‌ಟೇಕ್ ಮಾಡಿದ. ಹೋಗುವಾಗ ಒಮ್ಮೆ ತಿರುಗಿ ಬೇರೆ ನೋಡಿದ. ಇಳಿಜಾರು ಇದೆಯಲ್ಲ, ಅದಕ್ಕೇ ಮುಂದೆ ಹೋದ ಎಂದು ನನಗೆ ನಾನೇ ಹೇಳಿಕೊಂಡೆ.

ಮೋಟರ್‌ಸೈಕಲ್ ಪಕ್ಕಕ್ಕೆ ಬಂತು. ಹರೀಶ. ಸ್ಕೂಟರ್ ಮಾರುವ ದುಂಡೇಶನ ಷೋರೂಮಿನ ಆಳು. ಎಡಗೈಯಲ್ಲಿ ನಟ್ಟು ಬಿಚ್ಚುವ ಒಂದು ದೊಡ್ಡ ಪಾನಾ ಹಿಡಿದಿದ್ದ.

“ಗಾಡಿ ನಿಲ್ಲಸ್ರಿ, ಉಳವಪ್ಪ ಕಾಕಾ.”

“ಯಾಕ?”

“ಟೆಸ್ಟ್ ರೈಡ್ ಅಂತ ಒಯ್ದು ಮೂರು ತಾಸು ಆತು.”

“ಟೆಸ್ಟ್ ಇನ್ನೂ ಮುಗದಿಲ್ಲ.”

ಪಾನಾ ಬೀಸಿದ. ಬಲಗಡೆಯ ಕನ್ನಡಿ ಚೂರಾಯಿತು... ಒಂದು ಚೂರು ನನ್ನ ಕಿವಿ ಕೊಯ್ದುಕೊಂಡು ಹೋಯಿತು.

ಸೀಟಿನ ಸಂದಿಯಿಂದ ತೆಳ್ಳಗೆ ಹೊಗೆ ಬರತೊಡಗಿತು.

ಇಷ್ಟಕ್ಕೂ ನಾನು ಆ ಗಾಡಿಯ ಮೇಲೆ ಯಾಕೆ ಕೂತಿದ್ದೆ? ಹೇಳುತ್ತೇನೆ.

ನಾನು ಉಳವಪ್ಪ. ದಾಂಡೇಲಿಯ ಪೇಪರ್ ಮಿಲ್ಲಿನ ವಾಚ್ ಅಂಡ್ ವಾರ್ಡಿನಲ್ಲಿ, ಅಂದರೆ ಕಾವಲಿನಲ್ಲಿ, ಹದಿನೆಂಟು ವರ್ಷ ಇದ್ದವನು. ಬಿಟ್ಟ ಮೇಲೆ ಜನರ ಸಣ್ಣಪುಟ್ಟ ಪತ್ತೆ ಕೆಲಸ ಮಾಡುತ್ತೇನೆ. ಕಳೆದ ಎಮ್ಮೆ, ಓಡಿಹೋದ ಗಂಡ, ಗೋವಾ ಗಡಿಯ ಅನಮೋಡ ಚೆಕ್‌ಪೋಸ್ಟ್ ದಾಟಿ ಮಾಯವಾದ ಲಾರಿ... ಇಂಥವು. ಎಮ್ಮೆಗಳು ಸಾಮಾನ್ಯವಾಗಿ ಸಿಗುತ್ತವೆ.

ಅದು ಎರಡು ಸಾವಿರದ ಎಂಟನೇ ಇಸವಿ. ಪೆಟ್ರೋಲ್ ದರ ಏರಿ ಎಲ್ಲರೂ ಕರೆಂಟಿನ ಸ್ಕೂಟರಿನ ಹುಚ್ಚು ಹಿಡಿಸಿಕೊಂಡಿದ್ದರು. ಆ ದಿನ ಬೆಳಿಗ್ಗೆ ಯಲ್ಲವ್ವ ಬಂದಳು. ಮನೆಮನೆಯಿಂದ ಬುತ್ತಿ ಕೂಡಿಸಿ ಮಿಲ್ಲಿನ ಗೇಟಿಗೆ ಮುಟ್ಟಿಸುವವಳು. ದುಂಡೇಶನ ಹತ್ತಿರ ಸ್ಕೂಟರ್ ಕೊಂಡ ಮೊದಲ ಹೆಂಗಸು ಅವಳೇ. ಬಲ ಅಂಗೈಗೆ ಬ್ಯಾಂಡೇಜ್ ಇತ್ತು.

“ಗಾಡಿ ಸುಟ್ಟು ಹೋತು, ತಮ್ಮಾ. ಚಾರ್ಜಿಗೆ ಹಾಕಿದ್ದೆ. ವಾಯರ್ ಜಗ್ಗಾಕ ಹೋಗಿ ಕೈ ಬೆಂತು.”

“ದುಂಡೇಶ ಏನಂತಾನ?”

“ತಪ್ಪ ನಂದ ಅಂತಾನ. ನಾನು ಕೌದಿ ಹೊದಿಸಿದ್ದೆ.”

“ಗಾಡಿಗೆ?”

“ಹೊಸಾ ಸಾಮಾನಲ್ಲೇನು? ಮಂದಿ ಕಣ್ಣು ಬೀಳಬಾರದಂತ. ಬಿಸಿಲಿಗೆ ಇಡಬ್ಯಾಡ ಅಂತ ಅವನೂ ಹೇಳಿದ್ದ.”

ಆಕೆಯ ಮನೆ ನನಗೆ ಗೊತ್ತು. ಟೀವಿಗೆ ಹೊದಿಕೆ, ಮಿಕ್ಸರಿಗೆ ಹೊದಿಕೆ, ಹೊಲಿಗೆ ಮಷಿನ್ನಿಗೆ ಹೊದಿಕೆ. ಸ್ಕೂಟರ್ ಎಲ್ಲಕ್ಕಿಂತ ದೊಡ್ಡ ಸಾಮಾನು, ಅದಕ್ಕೆ ಐದು ಹಳೆಯ ಸೀರೆ ಸೇರಿಸಿ ಹೊಲಿದ ಕೌದಿಯೇ ಬಂತು. ನಮ್ಮ ಕಡೆಯ ಯಾವ ಮನೆಯಲ್ಲಾದರೂ ಹೀಗೇ ಮಾಡುತ್ತಿದ್ದರು.

“ಹೋದ ಗಾಡಿ ಹೋಗಲಿ. ನನ್ನ ಮಗಳು ರೂಪಾಲಿ ಹಳಿಯಾಳದಾಗ ಇದ್ದಾಳ. ರೊಟ್ಟಿ ಬಡದು ಖಾನಾವಳಿಗೆ ಒಯ್ತಾಳ. ಅವರ ಸಂಘದ ಇಪ್ಪತ್ತು ಮಂದಿಗೆ ಇವತ್ತ ಮೂರು ಗಂಟೆಕ್ಕ ದುಂಡೇಶ ಗಾಡಿ ಕೊಡಾಂವ. ಅಕಿದು ಒಂದ ಖೋಲಿ ಮನಿ. ಆರು ತಿಂಗಳ ಕೂಸು. ಚಾರ್ಜಿನ ಪ್ಲಗ್ ತೊಟ್ಟಲದ ಬಾಜೂಕ ಐತಿ.”

“ಬ್ಯಾಡ ಅಂತ ಹೇಳು.”

“ಹೇಳಿದೆ. ‘ನಾನು ಕೌದಿ ಹೊದಿಸೂದಿಲ್ಲ ಬೇ’ ಅಂತಾಳ. ನನ್ನ ಮಾತು ಯಾರು ಕೇಳ್ತಾರ? ಸುಟ್ಟಿದ್ದು ಯಾಕ ಅಂತ ನೀ ನೋಡು. ಖರೇನ ನಂದ ತಪ್ಪಿದ್ರ ಅದನ್ನೂ ಹೇಳು.”

ಹನ್ನೊಂದು ಗಂಟೆಗೆ ಇಸ್ತ್ರಿ ಅಂಗಿ ಹಾಕಿಕೊಂಡು ಷೋರೂಮಿಗೆ ಹೋದೆ. ದುಂಡೇಶ ಹಳಿಯಾಳಕ್ಕೆ ಹೊರಡುವ ಅವಸರದಲ್ಲಿದ್ದ. ಆದರೂ ಗಿರಾಕಿ ಕಂಡ ಕೂಡಲೇ ಕೂತ.

“ಬ್ಯಾಟರಿ ಯಾವುದ್ರಿ?”

“ಇಂಪೋರ್ಟೆಡ್ ರೀ.”

“ಎಲ್ಲಿಂದ?”

“ಹೊರಗಿಂದ.”

“ಬ್ಯಾಸಗ್ಯಾಗ ಬಿಸಿ ಆದ್ರ?”

“ಬಿಸಿಲಿದ್ರ ಇನ್ನೂ ಛಲೋ ರೀ. ಸೋಲಾರ್ ಇದ್ದಂಗ. ನಿಂತಲ್ಲೇ ಚಾರ್ಜ್ ಆಗತೈತಿ.”

ಯಲ್ಲವ್ವನಿಗೆ ಬಿಸಿಲು ತಾಗಿಸಬೇಡ ಅಂದವನು ಇವನೇ! ಗಿರಾಕಿ ಬದಲಾದಂತೆ ಸೂರ್ಯನ ಗುಣವೂ ಬದಲಾಗುತ್ತಿತ್ತು.

“ಒಂದು ಗಾಡಿ ಸುಟ್ಟೈತೆಂತ?”

“ಅದು ಆ ಮುದಿಕಿ ಕೌದಿ ಹೊದಿಸಿದ್ದಕ್ಕ ರೀ. ಗಾಡಿ ಏನು ಕೂಸೇನು?” ಎಂದು ಹೊಟ್ಟೆ ಕುಣಿಸಿ ನಕ್ಕ.

ನಾನೂ ನಕ್ಕೆ. ಆ ನಗು ನನಗೆ ಈಗಲೂ ನಾಚಿಕೆ ತರುತ್ತದೆ. ಟೆಸ್ಟ್ ರೈಡ್ ಕೇಳಿದೆ. ಚಾರ್ಜರನ್ನೂ ಒಂದು ಸಲ ನೋಡುತ್ತೇನೆ ಅಂತ ಡಿಕ್ಕಿಯಲ್ಲಿ ಹಾಕಿಸಿಕೊಂಡೆ. ನೇರ ಬ್ಯಾಟರಿ ರಿಪೇರಿ ಮಾಡುವ ಅಡಿವೆಯ್ಯನ ಅಂಗಡಿಗೆ ಹೊಡೆದೆ.

ಅಡಿವೆಯ್ಯ ಸೀಟು ಎತ್ತಿ ನೋಡಿದ. ಒಳಗೆ ನಾಲ್ಕು ಬ್ಯಾಟರಿ. ನಾಲ್ಕರ ಮೇಲೂ ಮಿಂಚುವ ಹಸಿರು ಸ್ಟಿಕ್ಕರ್.

“ಬಾಜೂಕ ಕೈ ಸವರಿ ನೋಡು. ಹೊಟ್ಟಿ ಉಬ್ಬ್ಯಾವ.”

ಉಗುರಿನಿಂದ ಒಂದು ಸ್ಟಿಕ್ಕರ್ ಕೆರೆದ. ಕೆಳಗೆ ಇನ್ನೊಂದು ಲೇಬಲ್ಲು. ಯಾವುದೋ ಆಫೀಸಿನ ಕಂಪ್ಯೂಟರಿನ ಯುಪಿಎಸ್‌ನಲ್ಲಿ ದುಡಿದು ಸತ್ತ ಬ್ಯಾಟರಿ. ತಯಾರಾದ ವರ್ಷ ಎರಡು ಸಾವಿರದ ಮೂರು.

ಚಾರ್ಜರ್ ಬಿಚ್ಚಿದ. ಸ್ವಲ್ಪ ಹೊತ್ತು ಅದನ್ನೇ ನೋಡಿದ.

“ಫ್ಯಾನಿನ ಜಾಳಿಗಿ ಐತಿ. ಫ್ಯಾನ್ ಇಲ್ಲ. ಕಟ್-ಆಫೂ ಇಲ್ಲ. ಬ್ಯಾಟರಿ ತುಂಬಿದ ಮ್ಯಾಲೂ ತುಂಬಕೋತನ ಇರತೈತಿ. ಈ ಬಿಸಿಲಾಗ ಅದು ಕುದೀತೈತಿ, ವಾಯರ್ ಕರಗತೈತಿ, ಪ್ಲಾಸ್ಟಿಕ್ ಹತ್ತಕೊಂತೈತಿ.”

“ಮತ್ತ ಕೌದಿ?”

“ಅದೂ ತಪ್ಪ. ಬಿಸಿ ಹೊರಗ ಹೋಗಾಕ ದಾರಿ ಬೇಕಲ್ಲೋ. ಆದ್ರ ಛಲೋ ಚಾರ್ಜರ್ ಇದ್ದಿದ್ರ ತಾನ ಬಂದ್ ಆಗತಿತ್ತು. ಇದು ಕೌದಿ ಇರದಿದ್ರೂ ಇವತ್ತಲ್ಲ ನಾಳೆ ಸುಡೂದ.”

ಮೂರು ಗಂಟೆಯೊಳಗೆ ಹಳಿಯಾಳ ಮುಟ್ಟಬೇಕಿತ್ತು. ಬರೀ ಒಂದು ಬ್ಯಾಟರಿ ಬಿಚ್ಚಿಕೊಂಡು ಬಸ್ಸಿಗೆ ಹೋಗು ಅಂದ ಅಡಿವೆಯ್ಯ. ಬುದ್ಧಿವಂತ ಮಾತು. ನನಗೆ ಆಗ ಬುದ್ಧಿ ಇರಲಿಲ್ಲ, ಸಿಟ್ಟಿತ್ತು. ಗಾಡಿ ಸಮೇತ ದುಂಡೇಶನ ಮುಂದೆ ಹೋಗಿ ನಿಲ್ಲಬೇಕು ಅನ್ನುವ ಹಟ. ಅದಕ್ಕೇ ಸ್ಕೂಟರ್ ಹತ್ತಿದೆ.

ಈಗ ಮತ್ತೆ ರಸ್ತೆಗೆ ಬನ್ನಿ. ಎರಡೂ ಕಡೆ ಸಾಗವಾನಿ ಮರ. ಬೇಸಿಗೆಗೆ ಒಂದು ಎಲೆಯೂ ಇಲ್ಲ. ನೆರಳೂ ಇಲ್ಲ. ಕಿವಿಯಿಂದ ರಕ್ತ. ಕೆಳಗಿನಿಂದ ಹೊಗೆ.

ಹರೀಶ ಎರಡನೇ ಸಲ ಪಾನಾ ಎತ್ತಿದ. ಎತ್ತಿದವನು ಹೊಗೆ ನೋಡಿದ.

“ಕಾಕಾ... ಇಳೀರಿ. ಲಗೂ ಇಳೀರಿ. ಅದು ಸುಡತೈತಿ!”

“ಸುಡತೈತಿ ಅಂತ ನಿನಗ ಹೆಂಗ ಗೊತ್ತು?”

ಅವನು ಎತ್ತಿದ ಪಾನಾ ಇಳಿಸಿದ.

“ಸ್ಟಿಕ್ಕರ್ ಹಚ್ಚಾಂವ ಯಾರು? ನೀನ ಹೌದಲ್ಲೋ?”

ಮೋಟರ್‌ಸೈಕಲ್ ಮಾತ್ರ ಸೆಕೆಂಡ್ ಗೇರಿನಲ್ಲಿ ಗೊಣಗುತ್ತಿತ್ತು.

ಸ್ಕೂಟರ್ ತಾನಾಗಿಯೇ ನಿಂತಿತು. ಸತ್ತೇ ಹೋಯಿತು. ಹಾರಿ ಇಳಿದು ಸೀಟು ಎತ್ತಿದೆ. ಒಂದು ವಾಯರಿನ ತುದಿ ಕರಗಿ ಜೋತು ಬಿದ್ದಿತ್ತು. ಪಕ್ಕದಲ್ಲೇ ಬಂದು ನಿಂತ ಹರೀಶನ ಕೈಯಿಂದ ಪಾನಾ ಕಿತ್ತುಕೊಂಡೆ. ಅವನು ಕೊಸರಾಡಲಿಲ್ಲ. ಅದರಿಂದಲೇ ನಟ್ಟು ಬಿಚ್ಚಿ, ತಲೆಗೆ ಸುತ್ತಿದ್ದ ಟವೆಲ್ಲಿನಲ್ಲಿ ಒಂದು ಬ್ಯಾಟರಿ ಎತ್ತಿದೆ. ಟವೆಲ್ಲಿನೊಳಗಿಂದಲೂ ಕೈ ಚುರುಗುಟ್ಟಿತು.

“ನಿಮ್ಮ ಮನ್ಯಾಗ ಯಾವ ಗಾಡಿ ಐತಿ, ಹರೀಶ?”

ನೆಲ ನೋಡಿದ.

“ಸೈಕಲ್.”

“ಮಾಲಕನ ಸ್ಕೂಟರ್ ಯಾಕ ತಗೊಳ್ಳಿಲ್ಲ?”

“ಮನ್ಯಾಗ ಸಣ್ಣ ಹುಡುಗರ ಅದಾವ ರೀ.”

ಸಿಟ್ಟು ನೆತ್ತಿಗೇರಿತು. ಪಾನಾ ನನ್ನ ಕೈಯಲ್ಲೇ ಇತ್ತು. ಹೊಡೆಯಬಹುದಿತ್ತು. ಆದರೆ ಹಳಿಯಾಳ ಇನ್ನೂ ದೂರ, ಮೋಟರ್‌ಸೈಕಲ್ ಅವನದು.

“ನಡಿ. ಹೋಗೂಣು. ಇಲ್ಲಂದ್ರ ಸ್ಟಿಕ್ಕರ್ ಹಚ್ಚಿದಾಂವ ಯಾರಂತ ಆ ಇಪ್ಪತ್ತು ಹೆಣ್ಣಮಕ್ಕಳಿಗೆ ಹೇಳ್ತೇನಿ.”

ಹೀಗೆ ನನ್ನನ್ನು ಬೆನ್ನಟ್ಟಿ ಬಂದವನೇ ನನಗೆ ಡ್ರೈವರ್ ಆದ. ನಾನು ಹಿಂದೆ, ತೊಡೆಯ ಮೇಲೆ ಆಸಿಡ್ ತುಂಬಿದ ಉಬ್ಬಿದ ಡಬ್ಬಿ. ದಾರಿಯ ಪ್ರತಿ ಹಂಪ್‌ಗೂ ದೇವರ ಹೆಸರು ಹೇಳಿದೆ. ಹಳಿಯಾಳದ ಹೊತ್ತಿಗೆ ಹೆಸರುಗಳು ಮುಗಿದಿದ್ದವು.

ಸಂಘದ ಹಾಲ್. ಹೊರಗೆ ಉರಿಬಿಸಿಲಲ್ಲಿ ಸಾಲಾಗಿ ಇಪ್ಪತ್ತು ಸ್ಕೂಟರ್. ಪ್ರತಿಯೊಂದಕ್ಕೂ ಚೆಂಡುಹೂವಿನ ಮಾಲೆ, ಗಾಲಿಯ ಕೆಳಗೆ ನಿಂಬೆಹಣ್ಣು. ಒಳಗೆ ಮೈಕಿನಲ್ಲಿ ದುಂಡೇಶ.

“...ದಾಂಡೇಲ್ಯಾಗ ಒಬ್ಬಾಕಿ ಗಾಡಿಗೆ ಕೌದಿ ಹೊದಿಸಿ ಮಲಗಿಸಿದ್ಳಂತ. ಜೋಗುಳಾ ಹಾಡಿದ್ಳೋ ಏನೋ ಗೊತ್ತಿಲ್ಲ...”

ಹೆಂಗಸರು ನಗುತ್ತಿದ್ದರು. ಮೂರನೇ ಸಾಲಿನಲ್ಲಿ ಒಬ್ಬಳು ಮಾತ್ರ ತಲೆ ತಗ್ಗಿಸಿದ್ದಳು. ತೊಡೆಯ ಮೇಲೆ ಕೂಸು. ರೂಪಾಲಿ.

ನಾನು ಸೀದಾ ಹೋಗಿ ಬ್ಯಾಟರಿಯನ್ನು ಅವನ ಮುಂದಿನ ಟೇಬಲ್ಲಿನ ಮೇಲೆ ಇಟ್ಟೆ. ಟೇಬಲ್ ಕ್ಲಾತ್ ಸುಟ್ಟ ವಾಸನೆ ಬಂತು.

“ಜೋಗುಳಾ ಈಗ ಹಾಡ್ರಿ,” ಅಂದೆ.

ದುಂಡೇಶ ನನ್ನನ್ನೂ, ಬಾಗಿಲಲ್ಲಿ ನಿಂತ ಹರೀಶನನ್ನೂ ನೋಡಿದ. ಪಾಪ, ಚುರುಕು ಮನುಷ್ಯ.

“ಈತ ಕಳ್ಳ ರೀ. ಟೆಸ್ಟ್ ರೈಡ್ ಅಂತ ಗಾಡಿ ಒಯ್ದು, ಹಳೇ ಬ್ಯಾಟರಿ ಹಾಕಿ ನನ್ನ ಹೆಸರು ಕೆಡಸಾಕ ಬಂದಾನ.”

“ಹೌದು ರೀ. ನಾನು ಕಳ್ಳ,” ಅಂದೆ. “ಹೊರಗಿನ ಇಪ್ಪತ್ತು ಗಾಡಿ ನಾ ಮುಟ್ಟಿಲ್ಲ. ರೂಪಾಲಿ, ನಿನ್ನ ಗಾಡಿ ಯಾವುದವ್ವ? ಬ್ಯಾಟರಿ ಮ್ಯಾಲಿನ ಸ್ಟಿಕ್ಕರ್ ಕೆರದು ನೋಡು.”

ರೂಪಾಲಿ ಎದ್ದಳು. ಕೂಸನ್ನು ಪಕ್ಕದವಳ ಕೈಗೆ ಕೊಟ್ಟಳು. ಹೊರಗೆ ಹೋಗಿ ಮಾಲೆ ಸರಿಸಿದಳು, ಸೀಟು ಎತ್ತಿದಳು. ತಲೆಯ ಪಿನ್ನು ತೆಗೆದು ಹಸಿರು ಸ್ಟಿಕ್ಕರಿನ ಅಂಚಿಗೆ ತೂರಿಸಿ ಎಳೆದಳು.

ಎರಡು ಸಾವಿರದ ಮೂರು.

ಆಮೇಲೆ ಒಬ್ಬೊಬ್ಬರಾಗಿ ಬಂದರು. ತಮ್ಮ ತಮ್ಮ ಗಾಡಿಯ ಸೀಟು ಎತ್ತಿದರು, ಪಿನ್ನು ತೆಗೆದರು. ಇಪ್ಪತ್ತು ಹೆಂಗಸರು ಬಿಸಿಲಲ್ಲಿ ಬಗ್ಗಿ ಸ್ಟಿಕ್ಕರ್ ಕೆರೆಯುವ ಸಪ್ಪಳ... ನಾನು ಎಷ್ಟೋ ಠಾಣೆ, ಕೋರ್ಟು ನೋಡಿದ್ದೇನೆ. ಇಂಥ ಪಂಚನಾಮೆ ನೋಡಿರಲಿಲ್ಲ.

“ಹಳೇವಾದ್ರೇನು, ಛಲೋ ಅದಾವ,” ಅಂದ ದುಂಡೇಶ. “ಸುಟ್ಟಿದ್ದು ಕೌದಿಯಿಂದ.”

ರೂಪಾಲಿ ತಿರುಗಿದಳು.

“ಹಂಗಾರ ಕೌದಿ ಇಲ್ಲದ ಚಾರ್ಜಿಗೆ ಹಾಕ್ತೇವ್ರಿ. ನೀವು ಸೀಟಿನ ಮ್ಯಾಲೆ ಕುಂದರ್ರಿ. ಎರಡ ತಾಸು. ನನ್ನ ಕೂಸು ಅಷ್ಟೊತ್ತು ಬಾಜೂಕ ಮಲಗತೈತಿ, ನೀವು ಕುಂದರಾಕ ಏನು?”

ಒಬ್ಬಳು ಒಳಗಿನಿಂದ ಪ್ಲಗ್ಗಿನ ಉದ್ದ ವಾಯರ್ ಎಳೆದು ತಂದಳು. ಸೂಪಾ ಅಣೆಕಟ್ಟಿನಲ್ಲಿ ಕರೆಂಟು ಹುಟ್ಟಿಸಿ ಊರೂರಿಗೆ ಹಂಚುವ ನಮ್ಮ ಸೀಮೆಗೆ ಮಧ್ಯಾಹ್ನ ಕರೆಂಟು ಇರುವುದೇ ಅಪರೂಪ. ಆ ದಿನ ಇತ್ತು!

ದುಂಡೇಶ ವಾಚು ನೋಡಿಕೊಂಡ. “ಜೋಯಿಡಾದಾಗ ಅರ್ಜೆಂಟ್ ಕೆಲಸ ಐತಿ ರೀ.”

ಅವನು ಕೂರಲಿಲ್ಲ. ಅಷ್ಟೇ ಸಾಕಾಯಿತು. ಒಬ್ಬಳೂ ಗಾಡಿ ತೆಗೆದುಕೊಳ್ಳಲಿಲ್ಲ.

ಟೆಂಪೋ ತರಿಸಿ ಅವನು ಮಾಲೆ ಹಾಕಿದ ಸ್ಕೂಟರುಗಳನ್ನು ಹೇರುತ್ತಿದ್ದಾಗ ರೂಪಾಲಿ ನನ್ನ ಹತ್ತಿರ ಬಂದಳು.

“ನಮಗ ಗಾಡಿ ಬೇಕ ಬೇಕು, ಕಾಕಾ. ರೊಟ್ಟಿ ಬುಟ್ಟಿ ಹೊತ್ತು ಹೊತ್ತು ಕುತಗಿ ಹೋಗೈತಿ. ಎಂಥಾದ್ದು ತಗೋಬೇಕು?”

ಅಡಿವೆಯ್ಯ ಹೇಳಿದ್ದನ್ನೇ ಹೇಳಿದೆ. ತಾನಾಗಿ ಬಂದ್ ಆಗುವ ಚಾರ್ಜರ್ ಇರಬೇಕು. ಬ್ಯಾಟರಿಯ ಮೇಲೆ ವರ್ಷ ಓದಬೇಕು, ಸ್ಟಿಕ್ಕರಿನ ಮೇಲಲ್ಲ. ಬಿಸಿಲಲ್ಲಿ ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕಬಾರದು, ನೆರಳಲ್ಲಿ ಅರ್ಧ ತಾಸು ತಣ್ಣಗಾಗಬೇಕು. ಪ್ಲಗ್ ಖೋಲಿಯ ಹೊರಗಿರಬೇಕು.

“ಮತ್ತ ಬ್ಯಾಸಗ್ಯಾಗ ಏನಾಗತೈತಿ ಅಂತ ಅಂಗಡಿಯಾಂವನ್ನ ಕೇಳು. ಏನೂ ಆಗೂದಿಲ್ಲ ಅಂದ್ರ ಎದ್ದು ಬಾ.”

ಸಂಜೆ ದಾಂಡೇಲಿಗೆ ಬಂದು ಯಲ್ಲವ್ವನಿಗೆ ಎಲ್ಲಾ ಹೇಳಿದೆ. ಮಗಳು ಗಾಡಿ ತರಲಿಲ್ಲ ಅಂದಾಗ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ಹಂಗಾರ ಕೌದಿದು ತಪ್ಪ ಇಲ್ಲಲ್ಲ, ತಮ್ಮಾ?”

ಸುಳ್ಳು ಹೇಳಬಹುದಿತ್ತು. ಹೇಳಬೇಕು ಅಂತ ತುಂಬ ಅನಿಸಿತು ಕೂಡ. ಆದರೆ ಆಕೆ ಬೆಳಿಗ್ಗೆ ಕೇಳಿದ್ದು ನಿಜವನ್ನು.

“ಒಂದೀಟು ಐತಿ, ಅಕ್ಕಾ. ಬಿಸಿ ಒಳಗ ಉಳೀತು.”

ಸುಟ್ಟ ಕೈಯನ್ನು ನೋಡಿಕೊಂಡಳು.

“ಒಂದೀಟ ಅಲ್ಲೇನು? ಅಷ್ಟು ಹೊರತೇನಿ ಬಿಡು. ದುಂಡೇಶ ಊರ ತಪ್ಪೆಲ್ಲಾ ನನ್ನ ಮ್ಯಾಲ ಹೊರಸಿದ್ದ.”

ಎದ್ದು ಹೋಗಿ ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಂದಿಟ್ಟಳು. ನನ್ನ ಫೀ ಅದೇ. ಇಷ್ಟು ದೊಡ್ಡ ಫೀ ನನಗೆ ಯಾರೂ ಕೊಟ್ಟಿರಲಿಲ್ಲ.

ದುಂಡೇಶ? ಒಂದು ತಿಂಗಳು ಷೋರೂಮಿಗೆ ಬೀಗ ಬಿತ್ತು. ಜೂನಿನಲ್ಲಿ ಹೊಸ ಬೋರ್ಡು ಎದ್ದಿತು. ಅಲ್ಲಿಂದ ಅವನು ಮನೆಮನೆಗೆ ಇನ್ವರ್ಟರ್ ಮಾರತೊಡಗಿದ. ಒಳಗೆ ಹೋಗಿ ಸ್ಟಿಕ್ಕರ್ ಕೆರೆದು ನೋಡಿದೆ, ಈ ಸಲ ನೀಲಿ.

ಬ್ಯಾಟರಿ ಮಾತ್ರ ಅವೇ.