ಎದುರು ಪುಟ

ನೋಟಿಸ್ ಬೋರ್ಡ್ ಓದುತ್ತಿದ್ದವಳ ಮುಖ ಕೆಂಡವಾಯಿತು. ಕಾನೂನು ಕಾಲೇಜಿನ ವಿದ್ಯಾರ್ಥಿಗಳೇ ನಡೆಸುವ ಪತ್ರಿಕೆಯ ಸುದ್ದಿ ಅಲ್ಲಿತ್ತು: ಹೊಸ ಸದಸ್ಯರು ಯಾರು, ಮುಂದಿನ ಸಂಚಿಕೆಯಲ್ಲಿ ಯಾರ ಲೇಖನ. ಮೊದಲನೆಯದೇ ಅವನದು, ಅವಳೊಡನೆ ಸದಾ ವಾದಕ್ಕಿಳಿಯುವ ಸಹಪಾಠಿಯದು. ಹೋದ ಸಂಚಿಕೆಯಲ್ಲಿ ಅವಳು ಬರೆದಿದ್ದಕ್ಕೆ ಖಂಡನೆ. ಸಾಲದ್ದಕ್ಕೆ, ಅದರ ಅಡಿಟಿಪ್ಪಣಿಗಳನ್ನು ತಪಾಸಣೆ ಮಾಡುವ ಕೆಲಸ ಅವಳಿಗೇ.

ಪತ್ರಿಕೆಯಲ್ಲಿ ಅವಳನ್ನು ಸೂಜಿ ಎನ್ನುತ್ತಿದ್ದರು, ಅವನನ್ನು ಗರಗಸ.

"ಅಕ್ಕಾ, ಬೇರೆ ಯಾರೂ ಸಿಗಲಿಲ್ವಾ?" ಸಂಪಾದಕಿಯನ್ನು ಕೇಳಿದಳು.

"ಅವನೇ ನೀನೇ ಬೇಕು ಅಂದ ಕಣೆ. ನನ್ನ ಮೇಲೆ ಹರಿಹಾಯಬೇಡ."

ಬಾಡಿಗೆದಾರ ಸತ್ತರೆ ಅವನ ಹೆಂಡತಿಯನ್ನು ಮನೆಯಿಂದ ಎಬ್ಬಿಸಬಾರದು ಎಂದು ಸೂಜಿ ಬರೆದಿದ್ದಳು. ಬರೀ ಪುಸ್ತಕ ನೋಡಿ ಬರೆದದ್ದಲ್ಲ. ಅಪ್ಪ ಹೋದ ಮೇಲೆ ಅಮ್ಮ ಪಾತ್ರೆಪಗಡೆಯ ಜೊತೆ ಬೀದಿಯಲ್ಲಿ ಕೂತಿದ್ದನ್ನು ಕಂಡವಳು. ಅದಕ್ಕೆ ಗರಗಸನ ಉತ್ತರ: 'ಕಣ್ಣೀರು ವಾದವಲ್ಲ.'

ಹಲ್ಲು ಕಚ್ಚಿಕೊಂಡು ಒಂದೊಂದೇ ಅಡಿಟಿಪ್ಪಣಿಯ ಮೂಲ ತೆಗೆದು ನೋಡಿದಳು. ಅವಳ ಒಂದು ಮಾತನ್ನೂ ಅವನು ತಿರುಚಿರಲಿಲ್ಲ. ಅವಳು ನುಣುಚಿಕೊಂಡ ಜಾಗದಲ್ಲೆಲ್ಲ ಹಿಡಿದಿದ್ದ. ಚೆನ್ನಾಗಿ ಹೇಳಿದ್ದನ್ನು ಚೆನ್ನಾಗಿದೆ ಎಂದೇ ಬರೆದಿದ್ದ. ಇಷ್ಟು ಮನಸ್ಸಿಟ್ಟು ಅವಳನ್ನು ಯಾರೂ ಓದಿರಲಿಲ್ಲ. ಅದಕ್ಕೇ ಸಿಟ್ಟು ಇಮ್ಮಡಿಯಾಯಿತು.

ಆಮೇಲೆ ಸಿಕ್ಕಿತು. ಅವನ ವಾದವೆಲ್ಲ ಆತುಕೊಂಡಿದ್ದ ತೀರ್ಪನ್ನು ಮೇಲಿನ ಕೋರ್ಟು ರದ್ದು ಮಾಡಿ ಬಹಳ ಕಾಲವಾಗಿತ್ತು. ಕಣ್ತಪ್ಪಿತು ಎಂದು ಸುಮ್ಮನಿದ್ದರೆ ಸಾಕು, ಅಚ್ಚಾದ ದಿನವೇ ಅವನು ನಗೆಪಾಟಲು. ಸೇಡಿಗೆ ಇದಕ್ಕಿಂತ ಒಳ್ಳೆಯ ಅವಕಾಶ ದೇವರೂ ಕೊಡುವುದಿಲ್ಲ.

ಓದುವ ಕೋಣೆಗೆ ಹೋಗಿ ಅವನ ಮೇಜಿನ ಮೇಲೆ ಹಾಳೆಗಳನ್ನು ಕುಕ್ಕಿದಳು.

"ಸತ್ತ ತೀರ್ಪಿಗೆ ಜೀನು ಬಿಗಿದು ಸವಾರಿ ಹೊರಟಿದ್ದೀಯಲ್ಲ, ನಾಚಿಕೆ ಆಗಲ್ವಾ?"

ಅವನು ಓದಿದ. ಕಿವಿಯವರೆಗೂ ಕೆಂಪಾದ.

"ಹೇಳದೇ ಇದ್ದಿದ್ರೆ ನೀನೇ ಗೆಲ್ತಿದ್ದೆ."

"ಮುಗ್ಗರಿಸಿ ಬಿದ್ದವನನ್ನ ಗೆಲ್ಲೋ ದರಿದ್ರ ನನಗೆ ಬಂದಿಲ್ಲ. ನೆಟ್ಟಗೆ ನಿಂತ್ಕೋ, ಆಮೇಲೆ ಹೊಡೀತೀನಿ. ನಾನೇ ಬೇಕು ಅಂತ ಯಾಕೆ ಕೇಳಿದೆ?"

"ಬೇರೆಯವರು ಚೆನ್ನಾಗಿದೆ ಅಂತ ವಾಪಸ್ ಕೊಡ್ತಾರೆ. ನೀನು ಬೈಯೋಕಾದ್ರೂ ಪೂರ್ತಿ ಓದ್ತೀಯ." ಅವನ ನೋಟ ಅವಳ ಮೂಗಿನ ತುದಿಗೆ ಹತ್ತಿದ್ದ ಶಾಯಿಯ ಮೇಲೆ ನಿಂತಿತ್ತು. "ನಿನ್ನ ಲೇಖನ ನನಗೆ ಬಾಯಿಪಾಠ. ಆ ಕಣ್ಣೀರಿನ ಸಾಲು ಮಾತ್ರ ತೆಗೆದುಬಿಡ್ತೀನಿ."

"ಯಾಕೆ?"

"ನಿಮ್ಮಮ್ಮನ ವಿಷಯ ಅಕ್ಕ ಇವತ್ತು ಹೇಳಿದ್ರು. ನನಗೆ ಗೊತ್ತಿರಲಿಲ್ಲ." ಅವನ ಕಣ್ಣಂಚು ಒದ್ದೆಯಾಯಿತು.

ಅವಳು ಬಗ್ಗಿ ನೋಡಿದಳು. "ಕಣ್ಣೀರು ವಾದವಲ್ಲ ಕಣೋ."

ಅವನು ನಕ್ಕುಬಿಟ್ಟ. ನಗಬಾರದು ಎಂದುಕೊಂಡಿದ್ದ ಅವಳ ತುಟಿಯೂ ಮಾತು ಕೇಳಲಿಲ್ಲ.

"ಆ ಸಾಲು ತೆಗೆದ್ಯೋ, ಕೈ ಮುರೀತೀನಿ. ಬದುಕಿರೋ ತೀರ್ಪು ಹುಡುಕಿ ಬರಿ. ನಾನೂ ಉತ್ತರ ಬರೀತೀನಿ. ಎರಡೂ ಒಂದೇ ಸಂಚಿಕೇಲಿ ಬರಲಿ."

"ಪಕ್ಕಪಕ್ಕದಲ್ಲಾ?"

"ನಿನ್ನ ಪಕ್ಕ ಯಾವಳು ನಿಲ್ತಾಳೆ? ನಿನ್ನದು ಮುಗಿಯೋ ಕಡೆ, ಎದುರು ಪುಟದಲ್ಲಿ ನನ್ನದು ಶುರು."

ಅವನು ಮೆಲ್ಲಗೆ ಹೇಳಿದ: "ಓದಿ ಮುಚ್ಚಿಟ್ಟ ಮೇಲೆ ಎದುರುಬದುರು ಪುಟ ಒಂದಕ್ಕೊಂದು ಅಂಟಿಕೊಂಡೇ ಇರ್ತವೆ. ಗೊತ್ತು ತಾನೇ?"

ಅವಳು ಅವನನ್ನು ದುರುಗುಟ್ಟಿ ನೋಡಿದಳು.

"ಗೊತ್ತಿದ್ದೇ ಹೇಳಿದ್ದು. ಬಾಯಿ ಮುಚ್ಕೊಂಡು ಬರಿ," ಎಂದು ಗದರಿ, ಅವನೆದುರಿನ ಕುರ್ಚಿ ಎಳೆದುಕೊಂಡು ಕೂತಳು.